ಉದ್ಘಾಟನೆಗೆ ಕಾದ ಗಾಯ

ಯಾವುದೇ ಗಾಯವು ಉದ್ಘಾಟನೆಗೆ ಮುಂಚೆ ವಾಸಿಯಾಗತಕ್ಕದ್ದಲ್ಲ ಎಂಬುದು ಚಾಮರಾಜಪೇಟೆಯ ಸಸ್ಯಜನ್ಯ ಗಾಯಶಮನ ಸಂಶೋಧನಾ ಸಂಸ್ಥೆಯ ಮೊದಲನೇ ನಿಯಮ. ಎರಡನೇ ನಿಯಮ ಇನ್ನೂ ಪರಿಶೀಲನೆಯಲ್ಲಿದೆ.

ಇದು ಗೊತ್ತಿಲ್ಲದೆ ಅಲ್ಲಿಗೆ ಹೋದವರು ಮೃದಂಗದ ಮೇಷ್ಟ್ರು ರಾಮಾನುಜ. ಆಷಾಢದ ಒಂದು ಬೆಳಿಗ್ಗೆ, ಹೆಂಡತಿ ತುಳಸಮ್ಮನಿಗೆ ಸಹಾಯ ಮಾಡ್ತೀನಿ ಅಂತ ಈಳಿಗೆಮಣೆ ಮುಂದೆ ಕೂತು, ಹಲಸಿನಹಣ್ಣಿನ ಜೊತೆಗೆ ತಮ್ಮ ಬಲ ಅಂಗೈಯನ್ನೂ ಸೀಳಿಕೊಂಡಿದ್ದರು. ಅದೂ ಎಂಥಾ ಹೊತ್ತಲ್ಲಿ ಅಂತೀರಿ! ಆ ಸಲ ಬಸವನಗುಡಿಯ ಗಣೇಶೋತ್ಸವದಲ್ಲಿ ದೊಡ್ಡ ವಿದ್ವಾಂಸರೊಬ್ಬರ ಹಾಡಿಗೆ ಮೃದಂಗ ನುಡಿಸಲು ಅವರಿಗೆ ಕರೆ ಬಂದಿತ್ತು. ಆಯುಷ್ಯವೆಲ್ಲ ಶಾಲಾ ವಾರ್ಷಿಕೋತ್ಸವದಲ್ಲೇ ಸವೆಸಿದ ಮನುಷ್ಯ, ಪಾಪ, ಸಂತೋಷದಲ್ಲಿ ನಿದ್ದೆ ಬಿಟ್ಟಿದ್ದರು.

"ಒಂದಿಷ್ಟು ಅರಿಶಿನ ಮೆತ್ತಿ, ಬಟ್ಟೆ ಕಟ್ಕೊಂಡು ಸುಮ್ನೆ ಕೂತ್ಕೊಳ್ರೀ" ಅಂದರು ತುಳಸಮ್ಮ.

"ಕಾಲ ಬದಲಾಗಿದೆ ಕಣೇ. ಅರಿಶಿನದ ಸತ್ವಾನೇ ಬೇರೆ ಮಾಡಿ ಡಬ್ಬಿಗೆ ತುಂಬಿದಾರಂತೆ. ನಿನ್ನ ಅರಿಶಿನ ಸಾರಿಗೆ ಇಟ್ಕೋ" ಎಂದು ರಾಮಾನುಜ ಹೊರಟೇಬಿಟ್ಟರು.

ಗಾಯ ನೋಡಿ ನಿರ್ದೇಶಕ ಡಾಕ್ಟರ್ ಆತ್ರೇಯರ ಕಣ್ಣು ಒದ್ದೆಯಾಯಿತು. "ಇಷ್ಟು ನೀಟಾದ ಗಾಯ ನಮ್ಮ ಸಂಸ್ಥೆಗೆ ಬಂದೇ ಇಲ್ಲ ಸಾರ್." ಅರಿಶಿನ, ಲೋಳೆಸರ, ಮುಟ್ಟಿದರೆ ಮುನಿ ಇವುಗಳ ಸತ್ವ ಊತ ಇಳಿಸಿ ಹೊಸ ಚರ್ಮ ಬರಿಸುವ ಬಗೆಯನ್ನು ಅವರು ಬಹಳ ಚೆನ್ನಾಗಿ ವಿವರಿಸಿದರು. ರಾಮಾನುಜ ಕೈ ಚಾಚಿದರು.

"ಹಚ್ಚಿ ಮತ್ತೆ."

"ಆಷಾಢದಲ್ಲಾ?" ಆತ್ರೇಯರು ಹೌಹಾರಿದರು. "ಮೊದಲ ಲೇಪನ ಮುಖ್ಯ ಅತಿಥಿಗಳ ಅಮೃತಹಸ್ತದಿಂದಲೇ ಆಗ್ಬೇಕು. ಶ್ರಾವಣಕ್ಕೆ ಡೇಟ್ ಕೊಟ್ಟಿದಾರೆ."

"ಅಷ್ಟರಲ್ಲಿ ತಾನಾಗೇ ವಾಸಿಯಾದ್ರೆ?"

"ಹಾಗಾಗದಂತೆ ನಾವು ನೋಡ್ಕೋತೀವಿ."

ನೋಡಿಕೊಂಡರು ಕೂಡ. ಗಾಯ ನಿರ್ವಹಣಾ ವಿಭಾಗದಲ್ಲಿ ಗಗನಾ ಎಂಬ ಹುಡುಗಿ ಇದ್ದಳು. ಹಿಂದೊಮ್ಮೆ ಗಾಜು ತಾಗಿ ಬೆರಳು ಕುಯ್ದುಕೊಂಡಾಗ ಇದೇ ಮುಲಾಮು ಸವರಿಕೊಂಡು ಅವಳು ಬೇಗನೆ ವಾಸಿಯಾಗಿಬಿಟ್ಟಿದ್ದಳು. ಉದ್ಘಾಟನಾಪೂರ್ವ ಗುಣಮುಖತೆಯ ಆರೋಪದ ಮೇಲೆ ಅವಳನ್ನು ಈ ವಿಭಾಗಕ್ಕೆ ವರ್ಗ ಮಾಡಲಾಗಿತ್ತು. ರಾಮಾನುಜರ ಅಂಗೈ ಮೇಲೆ ಹಕ್ಕಳೆ ಕಟ್ಟಿದಾಗಲೆಲ್ಲ ಅದನ್ನು ಕೀಳುವುದು ಅವಳ ಕೆಲಸ. "ಸಾರಿ ಸಾರ್" ಅಂತ ಕಣ್ಣು ಮುಚ್ಚಿಕೊಂಡು ಕಿತ್ತುಬಿಡುತ್ತಿದ್ದಳು.

ಬಿಟ್ಟು ಎದ್ದು ಬರಬಹುದಿತ್ತಲ್ಲ ಅಂತೀರಾ? ರಾಮಾನುಜರಿಗೂ ಹಾಗನ್ನಿಸುತ್ತಿತ್ತು. ಆದರೆ ಇಷ್ಟು ಹೊತ್ತು ಬಸ್ಸಿಗೆ ಕಾದು ಈಗ ಆಟೋ ಹತ್ತೋದಾ ಅನ್ನೋ ಜಾಯಮಾನ ಅವರದ್ದು.

ಶ್ರಾವಣ ಬಂತು. ಮುಖ್ಯ ಅತಿಥಿಗಳಿಗೆ ವರಮಹಾಲಕ್ಷ್ಮಿ ಹಬ್ಬ ಅಡ್ಡ ಬಂತು, ಆಮೇಲೆ ವಿದೇಶ ಪ್ರವಾಸ. ವಾಪಸಾದ ಮೇಲೆ ಅವರಿಗೆ ಹೊಸ ಹುದ್ದೆ ಸಿಕ್ಕಿ, ಅದನ್ನು ಸೇರಿಸಿ ಆಹ್ವಾನಪತ್ರಿಕೆ ಮತ್ತೆ ಅಚ್ಚಾಗಬೇಕಾಯಿತು. ಸಂಸ್ಥೆಯ ಬಾಗಿಲಿಗೆ ಪ್ರಕಟಣೆ ಅಂಟಿಸಿದರು: "ಗಾಯಾಳುಗಳು ತಂತಮ್ಮ ಗಾಯಗಳನ್ನು ಮುಂದಿನ ದಿನಾಂಕದವರೆಗೆ ಸುಸ್ಥಿತಿಯಲ್ಲಿ ಇಟ್ಟುಕೊಳ್ಳತಕ್ಕದ್ದು." ಮುಲಾಮಿನ ಡಬ್ಬಿ ಮಾತ್ರ ಕುಂಕುಮ ಹಚ್ಚಿಸಿಕೊಂಡು, ಹಸಿ ಹೂವು ಮುಡಿದುಕೊಂಡು, ಕೆಂಪು ಟೇಪಿನ ಹಿಂದೆ ತಣ್ಣಗೆ ಕೂತಿತ್ತು.

ಗೌರಿಹಬ್ಬ ಹತ್ತಿರ ಬಂದಾಗ ಗಗನಾ ಪಿಸುಗುಟ್ಟಿದಳು. "ಊರಿಗೆ ಹೋಗ್ತಿದೀನಿ ಸಾರ್. ನಾನು ಬರೋವರೆಗೂ ನೀವು ಈ ಕಡೆ ತಲೆ ಹಾಕ್ಬೇಡಿ. ದಮ್ಮಯ್ಯ ಅಂತೀನಿ."

ಅವರು ಹೋಗಲಿಲ್ಲ. ಕೀಳುವವರಿಲ್ಲದೆ ಅಂಗೈ ಕೂಡಿಕೊಂಡಿತು. ರಾಮಾನುಜ ಮೃದಂಗದ ಮೇಲೆ ಬಲಗೈ ಇಟ್ಟು ಮೆಲ್ಲಗೆ ನುಡಿಸಿದರು. ಅಡುಗೆಮನೆಯಲ್ಲಿ ತುಳಸಮ್ಮ ಸೌಟು ಹಿಡಿದೇ ಅತ್ತುಬಿಟ್ಟರು.

ಅಷ್ಟರಲ್ಲಿ ಹೊಸ ಆಹ್ವಾನಪತ್ರಿಕೆ ಬಂತು. ಉದ್ಘಾಟನೆ ಗಣೇಶೋತ್ಸವದ ಸಂಗೀತ ಕಚೇರಿಯ ದಿನವೇ ಬೆಳಿಗ್ಗೆ. ಅತಿಥಿಗಳ ಹೆಸರಿನ ಕೆಳಗೆ "ಗಾಯಾಳು: ವಿದ್ವಾನ್ ರಾಮಾನುಜ" ಎಂದಿತ್ತು. ವಿದ್ವಾನ್! ಜೀವಮಾನದಲ್ಲಿ ಯಾರೂ ಅಚ್ಚು ಹಾಕಿಸಿರಲಿಲ್ಲ. ಜೊತೆಗೆ ಶಾಲು ಬೇರೆ.

"ಹೋಗ್ಬೇಡ್ರೀ" ಅಂದರು ತುಳಸಮ್ಮ.

"ಶಾಲು ಹೊದ್ಕೊಂಡು ಬಂದ್ಬಿಡ್ತೀನಿ ಕಣೇ."

ವೇದಿಕೆ ಮೇಲೆ ಅಂಗೈ ನೋಡಿ ಆತ್ರೇಯರ ಮುಖ ಹುಳ್ಳಗಾಯಿತು. "ಗಾಯ ಎಲ್ಲಿ ಸಾರ್? ಎಂಥಾ ನಂಬಿಕೆದ್ರೋಹ ಮಾಡಿಬಿಟ್ರಿ!"

ಬೆಳ್ಳಿ ತಟ್ಟೆಯಿಂದ ಕತ್ತರಿ ಎತ್ತಿಕೊಂಡಿದ್ದ ಮುಖ್ಯ ಅತಿಥಿಗಳು ಗಡಿಯಾರ ನೋಡಿಕೊಂಡರು. "ರಾಹುಕಾಲ ಬರ್ತಿದೆ. ಎಲ್ಲಿ ಕತ್ತರಿಸ್ಬೇಕು, ಬೇಗ ಹೇಳಿ."

ಸಭೆಯೆಲ್ಲ ರಾಮಾನುಜರನ್ನೇ ನೋಡಿತು. ಇಷ್ಟೊಂದು ಜನ ತಮ್ಮನ್ನು ಯಾವತ್ತೂ ನೋಡಿರಲಿಲ್ಲ.

"ಎಡಗೈ ಆಗುತ್ತಾ?" ಅಂದರು ಸಣ್ಣ ದನಿಯಲ್ಲಿ.

"ದಾಖಲೆಯಲ್ಲಿ ಬಲಗೈ ಇದೆ ಸಾರ್."

ನಿಯಮ ಅಂದಮೇಲೆ ನಿಯಮ. ಅವರು ಬಲಗೈ ಚಾಚಿದರು. ಗಟ್ಟಿಮೇಳ ಮೊಳಗಿತು, ಚಪ್ಪಾಳೆ ಬಿತ್ತು. ರಜೆ ಮುಗಿಸಿ ಬಂದಿದ್ದ ಗಗನಾ ಗೋಡೆ ಕಡೆ ಮುಖ ತಿರುಗಿಸಿಕೊಂಡಳು. ಡಬ್ಬಿ ತೆರೆದರೆ ಒಳಗೆಲ್ಲ ಹಸಿರು ಬೂಷ್ಟು. "ಬೂಷ್ಟೂ ಸಸ್ಯಜನ್ಯವೇ" ಎಂದು ಆತ್ರೇಯರು ಸಭೆಗೆ ತಿಳಿಸಿದರು. ಅತಿಥಿಗಳು ಫೋಟೋ ಮುಗಿಯುವ ತನಕ ಅದನ್ನೇ ಹಚ್ಚಿದರು.

ಆ ಸಂಜೆ ಕಚೇರಿಯಲ್ಲಿ ಮೃದಂಗಕ್ಕೆ ಬೇರೆ ಯಾರೋ ಕೂತರು. ಶಾಲು ಹೊದ್ದ ರಾಮಾನುಜ ಮುಂದಿನ ಸಾಲಿನಲ್ಲಿ ಎಡಗೈಯಿಂದ ತೊಡೆ ಮೇಲೆ ತಾಳ ಹಾಕುತ್ತಿದ್ದರು. ಬ್ಯಾಂಡೇಜು ಸುತ್ತಿದ ಬಲಗೈ ಮಡಿಲಲ್ಲಿತ್ತು.

"ವಾಸಿಯಾಗಿದ್ದ ಕೈ ಕಣ್ರೀ" ಅಂದರು ತುಳಸಮ್ಮ.

"ಮೆತ್ತಗೆ ಮಾತಾಡೇ" ಅಂದರು ರಾಮಾನುಜ, ಅತ್ತಿತ್ತ ನೋಡಿ. "ಎರಡನೇ ಹಂತದ ಉದ್ಘಾಟನೆಗೂ ನನ್ನನ್ನೇ ಕರೀತಾರಂತೆ."