ಮುದ್ದಕ್ಕನ ಐದು ಪದ

ಡಾಕ್ಟರ್ ನಾಗಭೂಷಣನ ಸಂಶೋಧನೆ ಹಳ್ಳ ಹಿಡಿದದ್ದು ಅವನ ಗಂಟಲಿನಿಂದ. ಚಿತ್ರದುರ್ಗದ ಮೆಡಿಕಲ್ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷ ಮೆದುಳಿನ ಪಾಠ ಮಾಡಿ, ಕೊನೇ ಬೆಂಚಿನ ನಿದ್ದೆಯನ್ನೂ ಓಡಿಸಿದ ಗಂಟಲು ಅದು. ಇಲಿಗಳ ನೆನಪಿನ ಮೇಲೆ ಏಳು ಲೇಖನ ಬರೆದಿದ್ದ. "ಇಲಿ ಸಾಕು, ಮನುಷ್ಯರ ಮೇಲೆ ಒಂದು ಬರೀರಿ. ನಾಳೆ ಸಂಜೆ ಐದರೊಳಗೆ ಅಂಕಿಅಂಶ ಬರದಿದ್ದರೆ ಪ್ರೊಫೆಸರ್ ಹುದ್ದೆ ಮರೆತುಬಿಡಿ" ಎಂದಿದ್ದರು ವಿಭಾಗದ ಮುಖ್ಯಸ್ಥೆ ಜಯಶೀಲಾ ಮೇಡಂ.

ಅದಕ್ಕೇ ಬೆಳ್ಳಂಬೆಳಿಗ್ಗೆ ಐಮಂಗಲದ ಆಚೆಯ ಹಟ್ಟಿಗೆ ಬಂದು, ಸಮುದಾಯ ಭವನದಲ್ಲಿ ಕುರ್ಚಿ ಹಾಕಿಸಿದ್ದ. ಅರವತ್ತು ದಾಟಿದ ಇಪ್ಪತ್ತು ಮಂದಿ. ಒಬ್ಬೊಬ್ಬರಿಗೂ ಅವೇ ಐದು ಪದ ಹೇಳುವುದು, ಅರ್ಧ ಗಂಟೆ ಬಿಟ್ಟು ಕೇಳುವುದು. ವಯಸ್ಸಾದಂತೆ ನೆನಪು ಎಷ್ಟು ಸವೆಯುತ್ತದೆ ಎಂದು ನೋಡುವುದು.

ಮೊದಲು ಕೂತವಳು ಮುದ್ದಕ್ಕ. "ಬೀಗ, ಕುದುರೆ, ಬಾವಿ, ಮಾವಿನಹಣ್ಣು, ಕನ್ನಡಿ" ಎಂದ ನಾಗಭೂಷಣ. ಹೊರಗೆ ಕಟ್ಟಿದ್ದ ಟಗರು ಕೂಡ ತಲೆ ಎತ್ತಿ ನೋಡಿತು.

ಆಮೇಲೆ ಕೂತವರೆಲ್ಲ ಐದಕ್ಕೆ ಐದು. ಎಪ್ಪತ್ತೆಂಟರ ಗೋವಿಂದಪ್ಪನಂತೂ ಕುರ್ಚಿಗೆ ಕೂರುವ ಮೊದಲೇ ಐದೂ ಒಪ್ಪಿಸಿದ.

"ಅಜ್ಜ, ನಿಮಗಿನ್ನೂ ನಾನು ಹೇಳೇ ಇಲ್ಲವಲ್ಲ?"

"ನಿಮ್ಮ ಗಂಟ್ಲು ಹಟ್ಟಿಗೆಲ್ಲ ಕೇಳ್ತು, ಮರ್ತೋರಿಗೆ ಮುದ್ದಕ್ಕ ಹೇಳಿಕೊಟ್ಟಳ್ರಿ. ಒಂದೇ ಹಟ್ಟ್ಯಾಗೆ ಒಬ್ರು ಪಾಸಾಗಿ ಒಬ್ರು ಫೇಲಾದ್ರೆ ಚೆಂದ ಇರ್ತೈತಾ?"

ಗಂಟೆ ಒಂದಾಗಿತ್ತು. ನಾಗಭೂಷಣನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಭವನದ ಉದ್ದಕ್ಕೂ ನಾಲ್ಕು ಸಲ ಅಡ್ಡಾಡಿ, ಹೊಸ ಚೀಟಿ ಬರೆದ: ಕಂಬಳಿ, ಏಣಿ, ನಿಂಬೆಹಣ್ಣು, ಸೂಜಿ, ಗಂಟೆ. ಈ ಸಲ ಒಬ್ಬೊಬ್ಬರನ್ನೇ ಒಳಕೋಣೆಗೆ ಕರೆದು ಕಿವಿಯಲ್ಲಿ ಉಸುರಿದ. ಅಷ್ಟು ಸಾಲದೆಂದು ಅಂಗೈಗೆ ಹಟ್ಟಿಯ ದೇವರು ಬೀರಪ್ಪನ ಗುಡಿಯ ಅರಿಶಿನದ ಭಂಡಾರ ಹಾಕಿ, "ಯಾರು ಕೇಳಿದರೂ ಬಾಯಿ ಬಿಡಬೇಡಿ. ಬೀರಪ್ಪನ ಆಣೆ" ಎಂದು ಪ್ರಮಾಣ ಮಾಡಿಸಿದ. ಕೊನೆಗೆ ಚೀಟಿಯೂ ಯಾರ ಕಣ್ಣಿಗೂ ಬೀಳದಿರಲೆಂದು ಹರಿದು ಕಿಟಕಿಯಾಚೆ ಎಸೆದ. ಟಗರು ಅದನ್ನು ತಿಂದುಬಿಟ್ಟಿತು.

ಅರ್ಧ ಗಂಟೆ ಕಳೆಯಿತು. "ಮುದ್ದಕ್ಕ, ಆ ಐದು ಪದ ಹೇಳಿ."

ಮುದ್ದಕ್ಕ ಸೂರು ನೋಡಿದಳು. "ಏನೂ ನೆಪ್ಪಿಲ್ಲ ಸಾರ್."

"ಯಾವ ಪದ? ನೀವ್ಯಾರು?" ಎಂದ ಗೋವಿಂದಪ್ಪ.

ಇಪ್ಪತ್ತಕ್ಕೆ ಇಪ್ಪತ್ತೂ ಸೊನ್ನೆ. ಬೆಳಿಗ್ಗೆ ಗಿಳಿಪಾಠ ಒಪ್ಪಿಸಿದವರ ನಿಜವಾದ ಸ್ಥಿತಿ ಇದು ಎಂದು ನಾಗಭೂಷಣ ಮರುಗಿದ. ಮರುಗುತ್ತಲೇ ಹಿಗ್ಗಿದ, ಹಿಗ್ಗಿದ್ದಕ್ಕೆ ನಾಚಿಕೊಂಡ, ನಾಚುತ್ತಲೇ ಐದಕ್ಕೆ ಹತ್ತು ನಿಮಿಷ ಇರುವಾಗ ಮೊಬೈಲಿನಲ್ಲಿ ಎಲ್ಲವನ್ನೂ ಮೇಡಂಗೆ ಕಳಿಸಿದ.

ಐದೇ ನಿಮಿಷಕ್ಕೆ ಫೋನು ಬಂತು. "ನಾಗಭೂಷಣ್, ಒಂದು ಇಡೀ ಊರಿಗೆ ಮರೆವು. ಇಂಥದ್ದನ್ನ ನಾನು ಕಂಡಿಲ್ಲ. ನಾಳೆಯೇ ಬೆಂಗಳೂರಿನ ತಜ್ಞರು ಬರ್ತಾರೆ."

ಪ್ರೊಫೆಸರ್ ನಾಗಭೂಷಣ ಎಂದು ಅವನು ಮನಸ್ಸಿನಲ್ಲೇ ಬೋರ್ಡು ಬರೆಸುತ್ತಿರುವಾಗ ಮುದ್ದಕ್ಕ ಮಜ್ಜಿಗೆ ತಂದಳು. "ಸಾರ್, ಇನ್ನೂ ಎಷ್ಟ್ ದಿನ ಹೊಟ್ಟ್ಯಾಗೆ ಇಟ್ಕಂಡಿರಬೇಕ್ರಿ? ಗೋವಿಂದಪ್ಪಂಗೆ ಆಗ್ಲೇ ತಡ್ಯಕಾಗ್ತಿಲ್ಲ."

"ಏನನ್ನ?"

"ಅದೇ, ಐದು ಪದ."

ಅವನು ಲೋಟ ಕೆಳಗಿಟ್ಟ. "ಮತ್ತೆ ನಾನು ಕೇಳಿದಾಗ?"

"ಯಾರು ಕೇಳಿದ್ರೂ ಹೇಳಬ್ಯಾಡ್ರಿ ಅಂದು ನೀವೇ ಬಂದು ಕೇಳಿದ್ರಿ. ಆಣೆ ಮುರೀತೀವೇನೋ ಅಂತ ನಮ್ಮನ್ನ ಪರೀಕ್ಷೆ ಮಾಡ್ತಾವ್ರೆ ಅಂತ ಎಲ್ಲಾರ್ಗೂ ಗೊತ್ತಾತು."

"ಆಯ್ತು ತಾಯಿ, ಆಣೆ ಬಿಡಿಸಿದ್ದೀನಿ. ನಾಳೆ ಬರೋರಿಗೆ ಹೇಳಿಬಿಡಿ."

"ಹಾಕ್ಸಿದ್ದು ನೀವು, ಬಿಡ್ಸೋನು ಬೀರಪ್ಪ. ಅವನ ಹಬ್ಬಕ್ಕೆ ಇನ್ನೂ ಏಳು ತಿಂಗ್ಳೈತೆ."

ಮತ್ತೆ ಫೋನು. "ತಜ್ಞರು ಕೇಳ್ತಿದ್ದಾರೆ. ಯಾವ ಐದು ಪದ ಕೊಟ್ಟಿದ್ದಿರಿ?"

"ಮೇಡಂ, ಕಂಬಳಿ, ಏಣಿ, ನಿಂಬೆಹಣ್ಣು, ಸೂಜಿ..." ನಾಗಭೂಷಣ ತಡವರಿಸಿದ. ಕನ್ನಡಿಯಾ? ಅಲ್ಲ, ಅದು ಬೆಳಗಿನದು. ಕಿಟಕಿಯಾಚೆ ನೋಡಿದ. ಟಗರು ಮೆಲುಕು ಹಾಕುತ್ತಿತ್ತು. ಫೋನಿಗೆ ಕೈ ಅಡ್ಡ ಹಿಡಿದು, "ಮುದ್ದಕ್ಕ, ಐದನೆಯದು ಯಾವುದು?" ಎಂದು ಬೇಡಿಕೊಂಡ.

ಮುದ್ದಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಇಲ್ಲವೆಂದು ತಲೆಯಾಡಿಸಿದಳು.

ಆ ಕಡೆ ಮೇಡಂ ಮೆಲ್ಲಗೆ, "ಇದು ಅಂಟೋ ಕಾಯಿಲೆ ಅಂತ ಕಾಣುತ್ತೆ ನಾಗಭೂಷಣ್. ನೀವು ಅಲ್ಲಿಂದ ಕದಲಬೇಡಿ. ಇಪ್ಪತ್ತೊಂದನೇ ಹೆಸರು ನಿಮ್ಮದೇ ಸೇರಿಸ್ತೀನಿ" ಎಂದರು.