ಹೊಂಬಾಳಮ್ಮನ ಅಟ್ಟ, ದೊಡ್ಡಣ್ಣನ ಪೇಸ್ಟು

ದೊಡ್ಡಣ್ಣ: ಆ ಟ್ಯೂಬು ಎಲ್ಲಿ ಮಡಗಿದೀಯ, ಹೇಳ್ತೀಯೋ ಇಲ್ವೋ?

ಹೊಂಬಾಳಮ್ಮ: ಯಾವ ಟ್ಯೂಬು?

ದೊಡ್ಡಣ್ಣ: ಅದೇ, ಬೂದಿ ಬಣ್ಣದ ಪೇಸ್ಟು. ಬೆಳಿಗ್ಗೆ ಗೂಡಲ್ಲಿತ್ತು. ಈ ಮನೇಲಿರೋದು ನಾವಿಬ್ರೇ. ನಾನಂತೂ ಬಚ್ಚಿಟ್ಟಿಲ್ಲ.

ಹೊಂಬಾಳಮ್ಮ: ಹಂಗಾದ್ರೆ ಹೆಗ್ಗಣ ಎಳ್ಕೊಂಡೋಗಿರ್ತದೆ. ಹೆಗ್ಗಣಕ್ಕೂ ಹಲ್ಲುಜ್ಜೋ ಆಸೆ ಇರಲ್ವಾ?

ಹೇಳಿದ್ದು ಶುದ್ಧ ಸುಳ್ಳು. ಟ್ಯೂಬು ಹೊಂಬಾಳಮ್ಮನ ಸೆರಗಿನ ಗಂಟಿನಲ್ಲೇ ಇತ್ತು. ಅವಳಿಗೂ ಬೇರೆ ದಾರಿ ಇರಲಿಲ್ಲ. ಹಂದನಕೆರೆ ಹತ್ತಿರದ ಆ ತೋಟದ ಮನೆಯಲ್ಲಿ ಕಾಯಿ ಒಣಗಿ ಕೊಬ್ಬರಿಯಾಗುವ ತನಕ ಹರವಿಡುವ ಅಟ್ಟ ಅವಳ ಸುಪರ್ದು. ಮಳೆಗಾಲದಲ್ಲಿ ಶೀತಕ್ಕೆ ಕಾಯಿ ಕೊಳೆಯದಂತೆ ಅಟ್ಟದ ಕೆಳಗೆ ತೆಂಗಿನ ಮಟ್ಟೆ ಉರಿಸಿ ಹೊಗೆ ಹಾಕಬೇಕು. ಮದುವೆಯಾಗಿ ಬಂದಾಗಿನಿಂದ ಹಾಕಿ ಹಾಕಿ ಕೆಮ್ಮು ಅವಳ ಎದೆಯಲ್ಲಿ ಖಾಯಂ ಬಿಡಾರ ಹೂಡಿತ್ತು.

ಹೋದ ವರ್ಷ ಲೈನ್‌ಮನ್ ಕೆಲಸದಿಂದ ನಿವೃತ್ತನಾದ ಅವಳ ಗಂಡ ದೊಡ್ಡಣ್ಣ ತುಮಕೂರಿನಿಂದ ಎರಡು ಹಳೆಯ ಮೈನಿಂಗ್ ಮಿಷನ್ ತಂದ. ದಿನವಿಡೀ ಗುಂಯ್‌ಗುಟ್ಟುತ್ತ ಲೆಕ್ಕ ಹಾಕಿ, ಕೈಗೂ ಸಿಗದ ಕಣ್ಣಿಗೂ ಕಾಣದ ಕ್ರಿಪ್ಟೋ ನಾಣ್ಯ ದುಡಿಯುವಂಥವು. ಆ ಸದ್ದು ತಡೆಯಲಾರದೆ ಹೊಂಬಾಳಮ್ಮನೇ ಅವನ್ನು ಅಟ್ಟದ ಕೆಳಗಿನ ಕೋಣೆಗೆ ಸಾಗಹಾಕಿದ್ದಳು. ಆಮೇಲೆ ನೋಡಿದರೆ, ಈ ಮಳೆಗಾಲ ಒಂದು ಕಡ್ಡಿ ಗೀರದೆ ಅವುಗಳ ಬಿಸಿಗೇ ಅಟ್ಟ ಬೆಚ್ಚಗಿತ್ತು. ಕೆಮ್ಮೂ ನಿಂತಿತ್ತು. ನಾಣ್ಯ ಬಂದರೆಷ್ಟು ಬಿಟ್ಟರೆಷ್ಟು, ಅವಳು ಸುಖವಾಗಿದ್ದಳು. ಈಗ ಈ ಮಹರಾಯ ಅದೇನೋ ಪೇಸ್ಟು ಹಚ್ಚಿ ಮಿಷನ್ನುಗಳನ್ನು ತಣ್ಣಗೆ ಮಾಡುತ್ತೇನೆ ಎಂದು ಹೊರಟಿದ್ದಾನೆ!

ದೊಡ್ಡಣ್ಣ: ಲೇ, ಮಿಷನ್ನು ಸುಡ್ತಾ ಐತೆ ಕಣೇ. ಮಧ್ಯಾಹ್ನ ಆಯ್ತು ಅಂದ್ರೆ ಅರ್ಧ ಕೆಲಸ ತಾನೇ ನಿಲ್ಲಿಸಿಬುಡ್ತದೆ. ಒಳಗಿರೋ ಹಳೇ ಪೇಸ್ಟು ಒಣಗಿ ಸುಣ್ಣದ ಚಕ್ಕೆ ಆಗೈತೆ. ಹೊಸದು ಹಚ್ಚಿದ್ರೆ ತಣ್ಣಗಾಯ್ತದೆ.

ಹೊಂಬಾಳಮ್ಮ: ತಣ್ಣಗಾಗೋದು ಯಾರಿಗ್ ಬೇಕಾಗಿತ್ತು? ಒಲೆ ಸುಡ್ತದೆ ಅಂತ ಯಾರಾದ್ರೂ ಒಲೆಗೆ ಮುಲಾಮು ಹಚ್ತಾರಾ?

ದೊಡ್ಡಣ್ಣ: ಅದು ಒಲೆ ಅಲ್ಲ!

ಹೊಂಬಾಳಮ್ಮ: ನಿಮಗಲ್ಲ.

ದೊಡ್ಡಣ್ಣ: ಸುಟ್ಟು ಕರಕಲಾದ್ರೆ ಗುಜರಿಗೆ ಹಾಕ್ಬೇಕಷ್ಟೆ. ಆಮೇಲೆ ಬಿಸಿ ಎಲ್ಲಿಂದ ತತ್ತೀಯ?

ಹೊಂಬಾಳಮ್ಮ: ತಂಪೇ ಬೇಕು ಅಂದ್ರೆ ವಸಿ ಕೊಬ್ರಿ ಎಣ್ಣೆ ಹಚ್ಚಿ. ನಿಮ್ಮ ತಲೆಗೆ ನಾನು ಅದೇ ತಾನೇ ಹಚ್ತಾ ಬಂದಿರೋದು?

ದೊಡ್ಡಣ್ಣ: ತಲೇಲಿ ಕರೆಂಟು ಹರಿಯಲ್ಲ ಕಣೇ.

ಹೊಂಬಾಳಮ್ಮ: ಹರಿದಿದ್ರೆ ಚೆನ್ನಾಗಿತ್ತು. ವಸಿ ಬೆಳಕಾದ್ರೂ ಬತ್ತಿತ್ತು.

ದೊಡ್ಡಣ್ಣನಿಗೆ ರೇಗಿತು. ಹೋಗಿ ಮೇನ್ ಸ್ವಿಚ್ ಎಳೆದುಬಿಟ್ಟ. ಗುಂಯ್‌ಗುಡುವುದು ನಿಂತು, ಹೆಂಚಿನ ಮೇಲೆ ಬೀಳುವ ಮಳೆ ಒಮ್ಮೆಲೇ ಕೇಳತೊಡಗಿತು. ಹೊಂಬಾಳಮ್ಮ ಕತ್ತೆತ್ತಿ ನೋಡಿದಳು. ತಲೆಯ ಮೇಲೆ ಅಟ್ಟದ ತುಂಬ ಕಾಯಿ!

ಹೊಂಬಾಳಮ್ಮ: ಹಾಕ್ರೀ ಸ್ವಿಚ್ಚು!

ದೊಡ್ಡಣ್ಣ: ಪೇಸ್ಟು ಹಚ್ಚದೆ ಹಾಕಲ್ಲ.

ಹೊಂಬಾಳಮ್ಮ: (ಗಂಟು ಬಿಚ್ಚಿ) ತಗೊಳಿ. ಆದ್ರೆ ಅಟ್ಟ ತಣ್ಣಗಾಯ್ತೋ, ಇವತ್ತಿಂದ ಮಟ್ಟೆ ಹೊಗೆ ನೀವೇ ಹಾಕ್ಬೇಕು. ಕೆಮ್ಮೂ ನೀವೇ ಕೆಮ್ಮಬೇಕು.

ದೊಡ್ಡಣ್ಣ: ಅಂದ್ರೆ ನಿನ್ನ ಹೆಗ್ಗಣ ಸೀರೆ ಉಡ್ತದಾ?

ಹೊಂಬಾಳಮ್ಮ: ಸುಮ್ಕೆ ಕೆಲಸ ನೋಡಿ.

ಅವನು ಮೊದಲ ಮಿಷನ್ನಿನ ಸ್ಕ್ರೂ ಬಿಚ್ಚಿ, ಒಣಗಿದ ಪೇಸ್ಟನ್ನು ಕೆರೆದು ತೆಗೆದ. ಅವಳು ಟಾರ್ಚು ಹಿಡಿದು, ಹಣೆ ಗಂಟಿಕ್ಕಿಕೊಂಡು ನಿಂತಳು.

ಹೊಂಬಾಳಮ್ಮ: ಇದೇನು, ಇಷ್ಟೇ ಇಷ್ಟು? ಕಾಡಿಗೆ ತೀಡ್ತೀರೋ, ಪೇಸ್ಟು ಹಚ್ತೀರೋ?

ದೊಡ್ಡಣ್ಣ: ತೆಳ್ಳಗೇ ಹಚ್ಬೇಕು. ದಪ್ಪ ಆದ್ರೆ ತಣ್ಣಗಾಗಲ್ಲ.

ಹೊಂಬಾಳಮ್ಮ: ಹಂಗಾ? ಮತ್ತೆ ದಪ್ಪಗೇ ಬಳೀರಿ!

ಸ್ಕ್ರೂ ಬಿಗಿದು ಸ್ವಿಚ್ ಹಾಕಿದ್ದಾಯಿತು. ಹೊಂಬಾಳಮ್ಮ ಮಿಷನ್ನಿನಿಂದ ಗಾಳಿ ಬರುವ ಕಡೆ ಅಂಗೈ ಒಡ್ಡಿದಳು. ತಣ್ಣನೆಯ ಗಾಳಿ. ಅವಳ ಕಣ್ಣಲ್ಲಿ ನೀರೇ ಬಂತು.

ಹೊಂಬಾಳಮ್ಮ: ನೋಡಿ, ಕೆಡಿಸೇಬುಟ್ರಿ! ಕುಕ್ಕರಿನಂಗಿದ್ದ ಮಿಷನ್ನು!

ದೊಡ್ಡಣ್ಣ: ಈಗ ತಾನೇ ಹಾಕಿವ್ನಿ, ವಸಿ ತಡ್ಕಳೇ!

ತಡೆದುಕೊಳ್ಳುವವಳೇ ಅವಳು? ಮಟ್ಟೆಯ ಕುಕ್ಕೆ ತಂದು ಅವನ ಮುಂದೆ ಕುಕ್ಕಿ, ಬೆಂಕಿಪೊಟ್ಟಣ ಕೈಗಿಟ್ಟು, ಅಡುಗೆಮನೆಗೆ ಹೋಗಿಬಿಟ್ಟಳು. ಗಾಳಿಮಳೆಯಲ್ಲಿ ಕಂಬ ಹತ್ತಿದ್ದ ಮನುಷ್ಯ ಕುಕ್ಕೆಯನ್ನೇ ನೋಡುತ್ತ ಕೂತ. ಅವಳು ಕಾಫಿ ಹಿಡಿದು ಬರುವಷ್ಟರಲ್ಲಿ ಅವನ ಅಂಗಿ ಬೆವರಿಗೆ ಮೈಗಂಟಿತ್ತು.

ಹೊಂಬಾಳಮ್ಮ: ಬೆಂಕಿ ಹಾಕಿದ್ರಾ?

ದೊಡ್ಡಣ್ಣ: ಕಡ್ಡಿನೇ ಗೀರಿಲ್ಲ. (ಮೊಬೈಲ್ ನೋಡುತ್ತ) ಒಳಗಡೆ ತಣ್ಣಗಾಗೈತೆ ಅಂತ ಇದು ತೋರಿಸ್ತದೆ, ಮಿಷನ್ನೂ ಪೂರ್ತಿ ಓಡ್ತಾ ಐತೆ. ಕೋಣೆ ಮಾತ್ರ ಯಾಕಿಂಗೆ ಬೇಯ್ತದೆ?

ಹೊಂಬಾಳಮ್ಮ ಲೋಟ ಅಲ್ಲೇ ಇಟ್ಟು ಮತ್ತೆ ಕೈ ಒಡ್ಡಿದಳು. ಕೆಂಡದ ಬಾಯಿಂದ ಬಂದಂಥ ಗಾಳಿ! ಸೆರಗು ಸಿಕ್ಕಿಸಿ ಏಣಿ ಹತ್ತಿ, ಒಂದೊಂದೇ ಕಾಯಿ ಮುಟ್ಟಿ ನೋಡಿದಳು. ಎಲ್ಲಾ ಬೆಚ್ಚಗಿದ್ದವು. ಅವಳಿಗೆ ನಗು ತಡೆಯಲಾಗಲಿಲ್ಲ.

ದೊಡ್ಡಣ್ಣ: ಓಹೋ! ಹಳೇ ಪೇಸ್ಟು ಬಿಸಿನ ಆಚೆಗೇ ಬುಟ್ಟಿಲ್ಲ ಕಣೇ. ಅದಕ್ಕೇ ಒಳಗೊಳಗೇ ಬೆಂದು ಅರ್ಧ ಕೆಲಸ ನಿಲ್ಲಿಸ್ತಿತ್ತು. ಈಗ ಪೂರ್ತಿ ಓಡ್ತದೆ, ಬಿಸಿಯೆಲ್ಲ ಹೊರಗೆ ಬತ್ತಾ ಐತೆ.

ಹೊಂಬಾಳಮ್ಮ: ಅಂದ್ರೆ ಇಷ್ಟು ದಿನ ಬರೀ ಅರ್ಧ ಬಿಸಿ ಕೊಟ್ಟು ನನ್ನ ಯಾಮಾರಿಸಿದ್ರಾ? ನೋಡ್ತಾ ಕೂತಿದೀರಲ್ಲ, ಇನ್ನೊಂದಕ್ಕೂ ಹಚ್ಚಿ!

ದೊಡ್ಡಣ್ಣ: ಹಚ್ತೀನಿ. ಅದಕ್ಮುಂಚೆ ಕಿಟಕಿ ತೆಗೀಬೇಕು. ಇಷ್ಟು ಕಾವು ಕಟ್ಕೊಂಡ್ರೆ ಮಿಷನ್ನಿಗೆ ಒಳ್ಳೇದಲ್ಲ.

ಹೊಂಬಾಳಮ್ಮ ಏಣಿಯಿಂದ ಹಾರಿದಂತೆ ಇಳಿದು ಬಂದು, ಕಿಟಕಿಗೆ ಬೆನ್ನು ಕೊಟ್ಟು ನಿಂತಳು.

ಹೊಂಬಾಳಮ್ಮ: ಕಿಟಕಿ ಮುಟ್ಟಿ ನೋಡಣ!

ದೊಡ್ಡಣ್ಣ: ಲೇ, ಮಿಷನ್ನು ನಂದು ಕಣೇ!

ಹೊಂಬಾಳಮ್ಮ: ನಿಮ್ದೇ ಕಣ್ರೀ, ಯಾರು ಇಲ್ಲ ಅಂದೋರು? ಬಿಸಿ ನಂದು. ಇನ್ನೊಂದಕ್ಕೂ ಪೇಸ್ಟು ಹಚ್ಚಿ, ಬಾಗ್ಲು ಎಳ್ಕೊಂಡು ಆಚೆಗೆ ಬನ್ನಿ.