ಅರ್ಧ ಫ್ರೇಮು ಕಳುಹಿಸಿ ಸರ್ವರನ್ನು ಕಾಯಿಸಿದ ಬಗ್ಗೆ

ಸಂಖ್ಯೆ: ಜಾತಾ/ಸರ್ವರ್/ಕಾಯುವಿಕೆ/17

ವಿಷಯ: ಕೈಯಾರೆ ತಯಾರಿಸಿದ ಫ್ರೇಮುಗಳಿಂದ ಇಲಾಖಾ ಸರ್ವರಿನ ಸೌಜನ್ಯ ದುರುಪಯೋಗವಾಗಿರುವ ಬಗ್ಗೆ.

ಉಲ್ಲೇಖ: 1. ತಂತ್ರಾಂಶ ಪರೀಕ್ಷಕಿಯವರ ವರದಿ (ಓದಿರುವುದಿಲ್ಲ).
2. ಅವರನ್ನು ಟಪಾಲು ಶಾಖೆಗೆ ವರ್ಗಾಯಿಸಿದ ಆದೇಶ.

ಬ್ರೌಸರು ಸರ್ವರಿನೊಡನೆ ಆಡುವ ಮಾತು ಫ್ರೇಮು ಎಂಬ ತುಂಡುಗಳಲ್ಲಿ ಹೋಗುತ್ತದೆ. ಸದರಿ ಪರೀಕ್ಷಕಿಯವರು ಬ್ರೌಸರನ್ನು ಬದಿಗಿಟ್ಟು, ತಾವೇ ಬರೆದ ಸ್ಕ್ರಿಪ್ಟಿನಿಂದ ಬೈಟಿಗೆ ಬೈಟು ಜೋಡಿಸಿ ಫ್ರೇಮೊಂದನ್ನು ತಯಾರಿಸಿ, "ಇನ್ನೂ ಇದೆ" ಎಂದು ಗುರುತು ಹಾಕಿ ಕಳುಹಿಸಿ, ಉಳಿದದ್ದನ್ನು ಕಳುಹಿಸದೆ ಚಹಾಕ್ಕೆ ಹೋಗಿರುವುದು ಕಂಡುಬಂದಿದೆ. ಸರ್ವರು ಬೇರಾರಿಗೂ ಉತ್ತರಿಸದೆ ಎರಡು ದಿನ ಕಾದಿರುತ್ತದೆ. ವಿಚಾರಿಸಲಾಗಿ, "ಪರೀಕ್ಷೆ ಮಾಡೋದೇ ನನ್ನ ಕೆಲಸ ಅಲ್ವಾ ಸರ್? ಯಾರಾದ್ರೂ ಮಾತು ಅರ್ಧಕ್ಕೆ ಬಿಟ್ಟು ಹೋದ್ರೆ ಇದು ಬೆಪ್ಪುತಕ್ಕಡಿ ಹಾಗೆ ಕೂತಿರತ್ತೆ. ಅರ್ಧ ನಿಮಿಷದ ಗಡುವು ಹಾಕಿ. ಸೋಮವಾರ ಶಾಲೆ ಅರ್ಜಿ ಶುರು, ಇಲ್ದಿದ್ರೆ ಮಾನ ಹೋಗತ್ತೆ" ಎಂದು ಮೌಖಿಕವಾಗಿ ತಿಳಿಸಿರುತ್ತಾರೆ. ಮಾನದ ವಿಷಯವು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ.

ಆದುದರಿಂದ:

1. ಲಗತ್ತು ಬರುವವರೆಗೆ ಕಡತ ಮುಟ್ಟದಿರುವುದು ಈ ಕಚೇರಿಯ ಪದ್ಧತಿ. ಸರ್ವರು ಅದನ್ನೇ ಪಾಲಿಸಿದ್ದು, ಅದರ ಸೇವಾ ಪುಸ್ತಕದಲ್ಲಿ ಮೆಚ್ಚುಗೆ ದಾಖಲಿಸತಕ್ಕದ್ದು.

2. ಇನ್ನು ಮುಂದೆ ಫ್ರೇಮು ತಯಾರಿಸುವವರು ಅದರ ಮಾದರಿಯನ್ನು ದೃಢೀಕರಿಸಿ, ಮೂರು ದಿನ ಮೊದಲೇ ಸರ್ವರ್ ಕೊಠಡಿಯ ಬಾಗಿಲಿಗೆ ಅಂಟಿಸತಕ್ಕದ್ದು. ಸರ್ವರನ್ನು ಬೆಚ್ಚಿಬೀಳಿಸುವಂತಿಲ್ಲ.

3. ಒಂಬತ್ತು ಬೈಟು ಎಂದು ಹೇಳಿ ಎಂಟು ಕಳುಹಿಸಿದವರು ಒಂಬತ್ತನೆಯದನ್ನು ಖುದ್ದಾಗಿ ತಂದೊಪ್ಪಿಸತಕ್ಕದ್ದು. ಊಟದ ವೇಳೆಯಲ್ಲಿ ಬೈಟು ಸ್ವೀಕರಿಸಲಾಗುವುದಿಲ್ಲ.

4. ಈ ನಡುವೆ ಸೋಮವಾರ ಬೆಳಿಗ್ಗೆ 10.04ಕ್ಕೆ, ಬಸ್ಸಿನಲ್ಲಿ ಕುಳಿತು ಮಗಳ ಅರ್ಜಿ ತುಂಬುತ್ತಿದ್ದ ತಂದೆಯೊಬ್ಬರು, ಬಸ್ಸು ಸುರಂಗ ಹೊಕ್ಕ ಕಾರಣ, ಯಾವ ಸ್ಕ್ರಿಪ್ಟೂ ಇಲ್ಲದೆ ಅರ್ಧ ಅರ್ಜಿ ಕಳುಹಿಸಿರುತ್ತಾರೆ. ಸರ್ವರು ಇಂದಿಗೂ ಅವರನ್ನೇ ಕಾಯುತ್ತಿದೆ. ಉಳಿದ ಪೋಷಕರೆಲ್ಲ ಕಚೇರಿಯ ಮೆಟ್ಟಿಲ ಮೇಲಿದ್ದಾರೆ. ಸುರಂಗಕ್ಕೆ ಪ್ರತ್ಯೇಕ ನೋಟಿಸು ನೀಡಲಾಗುವುದು.

5. ಪರೀಕ್ಷಕಿಯವರು ಕೂಡಲೇ ಹಿಂದಿನ ಹುದ್ದೆಗೆ ಮರಳಿ ಗಡುವು ಹಾಕಿಕೊಡುವಂತೆ ಕೋರಲಾಗಿತ್ತು. ಅವರ ಉತ್ತರ ನಿನ್ನೆ ತಲುಪಿದೆ: "ಖಂಡಿತ ಬರ್ತೀನಿ ಸರ್. ಆದರೆ ನನ್ನದೊಂದೇ ಷರತ್ತು. ಅದೇನಂದ್ರೆ". ಕೆಳಗೆ "ಮುಂದಿನ ಪುಟ ನೋಡಿ" ಎಂದಿದೆ. ಲಕೋಟೆಯಲ್ಲಿ ಒಂದೇ ಪುಟವಿದೆ.

6. ಎರಡನೆಯ ಪುಟ ಬರುವವರೆಗೆ ಸಿಬ್ಬಂದಿಯೆಲ್ಲರೂ ತಮ್ಮ ಕುರ್ಚಿಯಲ್ಲೇ ಕುಳಿತು ಕಾಯತಕ್ಕದ್ದು, ಬೇರಾವ ಕೆಲಸವನ್ನೂ ಕೈಗೆತ್ತಿಕೊಳ್ಳತಕ್ಕದ್ದಲ್ಲ ಎಂದು ಈ ಮೂಲಕ ಸೂಚಿಸಲಾಗಿದೆ.

ಸಹಿ/-
ಅಧೀಕ್ಷಕರು, ಜಾಲತಾಣ ಶಾಖೆ

ಪ್ರತಿಗಳು:
1. ಸರ್ವರಿಗೆ, ಪ್ರಶಂಸೆಯೊಂದಿಗೆ.
2. ಮೆಟ್ಟಿಲ ಮೇಲಿನ ಪೋಷಕರಿಗೆ, ಸರದಿಯಂತೆ ಓದಿಕೊಳ್ಳಲು.
3. ಪರೀಕ್ಷಕಿಯವರಿಗೆ, ಎರಡನೆಯ ಪುಟದ ಕೋರಿಕೆಯೊಂದಿಗೆ. ಅಧೀಕ್ಷಕರು ಖುದ್ದಾಗಿ ಕೊಂಡೊಯ್ದಾಗ ಸದರಿಯವರು ಚಹಾಕ್ಕೆ ಹೋಗಿದ್ದರು.